ಕರಾನ್ಸಾ ಕಲ್ಲಿನ ಹತ್ತಿರ ಒಂದು ಗಂಟೆ: ನ್ಯೂಜೆರ್ಸಿ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ನ್ಯೂಜೆರ್ಸಿಯಲ್ಲಿರುವ ಕನ್ನಡಿಗರಿಗೆಲ್ಲ ನಮಸ್ಕಾರ.

ಜುಲೈ ಬಂತು ಅಂದರೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಒಂದು ಶನಿವಾರ ಬ್ಲೂಬೆರಿ ಕೀಳುವುದಕ್ಕೆ ಅಂತಲೇ ಮೀಸಲು. ಬೆಳಿಗ್ಗೆ ಬೇಗ ಎದ್ದು, ಚಿತ್ರಾನ್ನವೋ ಮೊಸರನ್ನವೋ ಡಬ್ಬಿಗೆ ತುಂಬಿಕೊಂಡು, ಮಕ್ಕಳನ್ನು ಹಿಂದಿನ ಸೀಟಿಗೆ ಕೂರಿಸಿ, 206ನೇ ರಸ್ತೆ ಹಿಡಿದು ಹ್ಯಾಮಂಟನ್ ಕಡೆ ಹೊರಡುತ್ತೇವೆ. ತೋಟದವರು ಕೊಟ್ಟ ಬಕೆಟ್ ಹಿಡಿದು ಗಿಡದ ಸಾಲಿನೊಳಗೆ ನುಗ್ಗುತ್ತೇವೆ. ಮೊದಲ ನಾಲ್ಕು ಹಣ್ಣು ಖಾಲಿ ಬಕೆಟ್ಟಿನ ತಳಕ್ಕೆ ಟಪ್ ಟಪ್ ಅಂತ ಬೀಳುತ್ತಲ್ಲ, ಆ ಸದ್ದು ನಿಮಗೂ ಚೆನ್ನಾಗಿ ಗೊತ್ತಿರುತ್ತೆ.

ನಾನು ಈ ರಾಜ್ಯಕ್ಕೆ ಬಂದು 14 ವರ್ಷವಾಯಿತು. ಹತ್ತು ಸಲ ಹೀಗೆ ಹೋಗಿ ಹಣ್ಣು ತಂದಿದ್ದೇನೆ. ತಿಂದು ಮಿಕ್ಕಿದ್ದನ್ನು ಫ್ರೀಜರಿಗೆ ತುಂಬಿದ್ದೇನೆ. ಹನ್ನೊಂದನೇ ಸಲ ವಾಪಸು ಬರುವಾಗ 206ರಲ್ಲಿ ಗಾಡಿಗಳು ಸಾಲಾಗಿ ನಿಂತಿದ್ದವು. ಸರಿ, ಒಳದಾರಿಯಲ್ಲಿ ಹೋಗೋಣ ಅಂತ ಚಾಟ್ಸ್‌ವರ್ತ್ ಹಳ್ಳಿ ಸುತ್ತಿಕೊಂಡು ಬಂದೆ. ಟ್ಯಾಬರ್ನೇಕಲ್ ಊರಿನ ಹತ್ತಿರ ಒಂದು ತಪ್ಪು ತಿರುವು ತೆಗೆದುಕೊಂಡೆ. ಫೋನಿನಲ್ಲಿ ಸಿಗ್ನಲ್ ಹೋಯಿತು. ರಸ್ತೆ ನೆಟ್ಟಗೆ ಕಾಡಿನೊಳಗೆ ಹೋಗುತ್ತಿತ್ತು. ಎರಡೂ ಕಡೆ ಬರೀ ಪೈನ್ ಮರ, ಮರದ ಬುಡದಲ್ಲಿ ಸಕ್ಕರೆಯ ಹಾಗೆ ಬಿಳೀ ಮರಳು. ಒಂದು ಮನೆ ಇಲ್ಲ, ಅಂಗಡಿ ಇಲ್ಲ. ಗಾಡಿ ತಿರುಗಿಸುವುದಕ್ಕೆ ಜಾಗ ಹುಡುಕುತ್ತಾ ಹೋಗುವಾಗ ಒಂದು ಕಡೆ ಮರಗಳು ಹಿಂದೆ ಸರಿದು ಬಯಲಾಯಿತು. ಅಲ್ಲಿ ಒಂದು ಕಲ್ಲಿನ ಕಂಬ ನಿಂತಿತ್ತು.

ಇಳಿದು ನೋಡಿದೆವು. ಹನ್ನೆರಡು ಅಡಿ ಎತ್ತರದ ಕಲ್ಲು. ಅದರ ಮೇಲೆ ಕೆತ್ತಿದ ಒಂದು ಹದ್ದು. ನಮ್ಮ ಗರುಡಗಂಬದ ಗರುಡನ ಹಾಗೆ ನೆಟ್ಟಗೆ ಕೂತಿಲ್ಲ, ತಲೆ ಕೆಳಗೆ ಮಾಡಿ ಬೀಳುತ್ತಿದೆ. ಕಲ್ಲಿನ ಬುಡದಲ್ಲಿ ಯಾರೋ ಇಟ್ಟ ಚಿಲ್ಲರೆ ಕಾಸು, ಬಿಸಿಲಿಗೆ ಬಣ್ಣ ಹೋದ ಒಂದು ಪುಟ್ಟ ಬಾವುಟ. ಏಳು ವರ್ಷದ ಮಗಳು ಕೇಳಿದಳು: "ಅಪ್ಪಾ, ಈ ಹದ್ದು ಯಾಕೆ ಬೀಳ್ತಾ ಇದೆ?"

ನನಗೆ ಉತ್ತರ ಗೊತ್ತಿರಲಿಲ್ಲ. ಹತ್ತು ವರ್ಷ ಅದೇ ಕಾಡಿನ ಅಂಚಿನಲ್ಲಿ ಓಡಾಡಿದ್ದೆ, ಅಲ್ಲಿ ಯಾರು ಸತ್ತರು ಅಂತ ಒಂದು ದಿನವೂ ಕೇಳಿರಲಿಲ್ಲ. ಅವತ್ತು ರಾತ್ರಿ ಮನೆಗೆ ಬಂದು ಓದಲು ಶುರು ಮಾಡಿದೆ. ಓದಿ ತಿಳಿದದ್ದನ್ನು ನಿಮಗೆ ಹೇಳಿ, ಕೊನೆಯಲ್ಲಿ ಒಂದು ಕೋರಿಕೆ ಇಡಬೇಕು ಅಂತ ಈ ಪತ್ರ.

ಆ ಕಲ್ಲು ಕ್ಯಾಪ್ಟನ್ ಎಮಿಲಿಯೋ ಕರಾನ್ಸಾನದು. ಮೆಕ್ಸಿಕೋ ಸೇನೆಯ ವಿಮಾನ ಹಾರಿಸುವವನು. 1928ರ ಜುಲೈ 12ರ ರಾತ್ರಿ, ಗುಡುಗು ಮಿಂಚಿನ ಮಳೆಯಲ್ಲಿ, ಅವನ ವಿಮಾನ ಆ ಕಾಡಿನಲ್ಲಿ ಬಿತ್ತು. ಆಗ ಅವನಿಗೆ 22 ವರ್ಷ. ನನ್ನ ಅಣ್ಣನ ಮಗನಿಗೆ ಈಗ ಅಷ್ಟೇ ವಯಸ್ಸು. ಅದಕ್ಕೇ ಏನೋ, ಅವನ ಬಗ್ಗೆ ಮಾತಾಡುವಾಗ ನನಗೆ ಏಕವಚನವೇ ಬಾಯಿಗೆ ಬರುತ್ತೆ. ಗೌರವ ಕಡಿಮೆ ಅಂತ ಯಾರೂ ತಿಳಿಯಬೇಡಿ.

ಅವನು ಹುಟ್ಟಿದ್ದು 1905ರ ಡಿಸೆಂಬರಿನಲ್ಲಿ, ಮೆಕ್ಸಿಕೋದ ಉತ್ತರ ಗಡಿಯ ಕೊವಾವಿಲಾ ರಾಜ್ಯದಲ್ಲಿ. ದೊಡ್ಡ ಮನೆತನ. ಮೆಕ್ಸಿಕೋ ಕ್ರಾಂತಿಯ ನಾಯಕರಲ್ಲಿ ಒಬ್ಬನಾಗಿ ಮುಂದೆ ಅಧ್ಯಕ್ಷನೂ ಆದ ವೆನುಸ್ತಿಯಾನೋ ಕರಾನ್ಸಾ ಇವನಿಗೆ ವರಸೆಯಲ್ಲಿ ಅಜ್ಜ. ಕ್ರಾಂತಿಯ ಗಲಾಟೆಯ ಕಾಲದಲ್ಲಿ ಹುಡುಗನ ಬಾಲ್ಯದ ಕೆಲವು ವರ್ಷ ಗಡಿ ಆಚೆ, ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ ಕಳೆದವು. 1920ರಲ್ಲಿ ಆ ಅಜ್ಜನನ್ನು ವಿರೋಧಿಗಳು ಕೊಂದರು. ಎಮಿಲಿಯೋಗೆ ಆಗ 14. ಇಂಥ ಮನೆಯಲ್ಲಿ ಬೆಳೆದವನಿಗೆ ಅಧಿಕಾರ ಅಂದರೆ ಏನು, ಅದು ಎಷ್ಟು ದಿನ ನಿಲ್ಲುತ್ತೆ ಅನ್ನೋದು ಮೀಸೆ ಮೂಡುವ ಮೊದಲೇ ಗೊತ್ತಾಗಿರಬೇಕು.

ಆದರೆ ಅವನ ಕಣ್ಣು ಇದ್ದದ್ದು ಆಕಾಶದ ಮೇಲೆ. ಅದಕ್ಕೂ ಮನೆಯಲ್ಲೇ ಕಾರಣವಿತ್ತು. ಹತ್ತಿರದ ನೆಂಟ ಆಲ್ಬರ್ಟೋ ಸಲೀನಾಸ್ ಕರಾನ್ಸಾ ಮೆಕ್ಸಿಕೋದ ಸೇನಾ ವಿಮಾನ ದಳ ಕಟ್ಟಿದವರಲ್ಲಿ ಮೊದಲಿಗ. 1915ರಲ್ಲಿ ಮೆಕ್ಸಿಕೋ ನಗರದ ಬಾಲ್ಬುಯೆನಾ ಬಯಲಿನಲ್ಲಿ ವಿಮಾನ ಶಾಲೆ ಶುರುವಾಯಿತು, ಪಕ್ಕದಲ್ಲೇ ಕಾರ್ಖಾನೆ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಯುರೋಪಿನಲ್ಲಿ ಮಹಾಯುದ್ಧ ನಡೀತಾ ಇತ್ತು, ಹೊರಗಿನಿಂದ ಸಾಮಾನು ಸಿಗುತ್ತಿರಲಿಲ್ಲ. ಇವರು ತಮ್ಮದೇ ವಿಮಾನ, ತಮ್ಮದೇ ಎಂಜಿನ್ ಮಾಡಿಕೊಂಡರು. ಹುವಾನ್ ಗಿಯೆರ್ಮೋ ವಿಯಾಸಾನಾ ಅನ್ನುವವರು 'ಅನಾವಾಕ್' ಅನ್ನುವ ಮರದ ಪ್ರೊಪೆಲ್ಲರ್, ಅಂದರೆ ವಿಮಾನದ ಮುಂದೆ ತಿರುಗುವ ಪಂಖ, ಮಾಡಿದರು. ಮೆಕ್ಸಿಕೋ ನಗರ ಇರುವುದು ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿ ತೆಳು. ತೆಳು ಗಾಳಿಯಲ್ಲಿ ರೆಕ್ಕೆಗೂ ಎತ್ತುವ ಬಲ ಕಡಿಮೆ, ಎಂಜಿನ್ನಿಗೂ ಉಸಿರು ಕಡಿಮೆ. ಅಂಥ ಕಡೆ ಚೆನ್ನಾಗಿ ಕೆಲಸ ಮಾಡುವ ಪಂಖ ಅದು. ಆ ಕಾರ್ಖಾನೆಯ ಎಣ್ಣೆ ವಾಸನೆಯಲ್ಲಿ ಓಡಾಡಿ ಬೆಳೆದ ಹುಡುಗ ಎಮಿಲಿಯೋ.

ಅದೇ ಶಾಲೆ ಸೇರಿದ. 1926ರಲ್ಲಿ ಪಾಸಾದ. ಆದರೆ ಅವನ ಪಾಠ ತರಗತಿಯಲ್ಲಿ ಮಾತ್ರ ನಡೆಯಲಿಲ್ಲ. 1923ರ ಕೊನೆಯಲ್ಲಿ ಮಾಜಿ ಅಧ್ಯಕ್ಷ ದೆ ಲಾ ವೆರ್ತಾ ಸರ್ಕಾರದ ವಿರುದ್ಧ ಬಂಡಾಯ ಎದ್ದಾಗ ಸರ್ಕಾರದ ಕಡೆಯಿಂದ ಹೋರಾಡಿದ. ಆಮೇಲೆ ಸೋನೋರಾ ರಾಜ್ಯದಲ್ಲಿ ಯಾಕಿ ಬುಡಕಟ್ಟಿನ ಜನರ ಮೇಲೆ ನಡೆದ ಕಾರ್ಯಾಚರಣೆಯಲ್ಲೂ ಇದ್ದ. ಇದನ್ನು ಮುಚ್ಚಿಟ್ಟು ಅವನನ್ನು ಹೊಗಳೋದು ನನಗೆ ಸರಿ ಕಾಣಲ್ಲ. ಯಾಕಿಗಳು ತಮ್ಮ ನೆಲಕ್ಕಾಗಿ ಹೋರಾಡುತ್ತಿದ್ದರು. ಬೆಟ್ಟ ಸೇರಿದ ಅವರ ಮೇಲೆ ಸರ್ಕಾರ ವಿಮಾನಗಳನ್ನು ಬಿಟ್ಟಿತು. ಇಪ್ಪತ್ತು ದಾಟಿದ ಒಬ್ಬ ಲೆಫ್ಟಿನೆಂಟ್ ಮೇಲಿನವರು ಹೇಳಿದ ಕಡೆ ಹಾರಿದ. ಮುಂದೆ ಅದೇ ಹುಡುಗ ಶಾಂತಿಯ ದೂತ ಅನ್ನಿಸಿಕೊಂಡ. ಎರಡೂ ಅವನೇ. ಮಕ್ಕಳಿಗೆ ಈ ಕಥೆ ಹೇಳುವಾಗ ಎರಡನ್ನೂ ಹೇಳಬೇಕು ಅಂತ ನನ್ನ ಅನಿಸಿಕೆ.

ಸೋನೋರಾದಲ್ಲೇ ಒಂದು ಸಲ ಅವನ ವಿಮಾನ ಬಿದ್ದು ಮುಖದ ಮೂಳೆಗಳು ಪುಡಿಯಾದವು. ಪ್ಲಾಟಿನಂ ಸ್ಕ್ರೂ ಹಾಕಿ ಡಾಕ್ಟರುಗಳು ಮುಖವನ್ನು ಮತ್ತೆ ಜೋಡಿಸಿದರು. ಮನೆಯವರು ಯಾರಾದರೂ "ಸಾಕಪ್ಪಾ, ಇನ್ನು ಬೇಡ" ಅಂದಿರದೆ ಇರ್ತಾರಾ? ಅವನು ಮಾತ್ರ ಮತ್ತೆ ಹಾರಿದ.

1927ರ ಸೆಪ್ಟೆಂಬರಿನಲ್ಲಿ ಮೆಕ್ಸಿಕೋ ನಗರದಿಂದ ಅಮೆರಿಕದ ಗಡಿಯಲ್ಲಿರುವ ಸಿಯುದಾದ್ ಹುವಾರೆಸ್‌ಗೆ ಎಲ್ಲೂ ಇಳಿಯದೆ ಒಬ್ಬನೇ ಹಾರಿಕೊಂಡು ಹೋದ. ವಿಮಾನಕ್ಕೆ ತನ್ನ ತವರಿನ ಹೆಸರು: 'ಕೊವಾವಿಲಾ'. ನದಿ ದಾಟಿದರೆ ಟೆಕ್ಸಾಸಿನ ಎಲ್ ಪಾಸೊ. ಆ ತಿಂಗಳು ಚಾರ್ಲ್ಸ್ ಲಿಂಡ್‌ಬರ್ಗ್ ಕೂಡ ಅಲ್ಲಿಗೆ ಬಂದಿದ್ದ. ನಾಲ್ಕು ತಿಂಗಳ ಹಿಂದಷ್ಟೇ ಅಟ್ಲಾಂಟಿಕ್ ಸಾಗರವನ್ನು ಒಬ್ಬನೇ ದಾಟಿ ಇಡೀ ಜಗತ್ತಿಗೇ ಗೊತ್ತಾಗಿದ್ದವನು. ಇಬ್ಬರಿಗೂ ಪರಿಚಯವಾಯಿತು, ಅದು ಗೆಳೆತನವಾಗಿ ಬೆಳೆಯಿತು.

ಇಲ್ಲಿ ಸ್ವಲ್ಪ ನಿಂತು ಆ ಕಾಲ ಹೇಗಿತ್ತು ಅಂತ ಹೇಳಬೇಕು. ಅಮೆರಿಕ, ಮೆಕ್ಸಿಕೋ ಎರಡಕ್ಕೂ ಆಗ ಆಗಿಬರುತ್ತಿರಲಿಲ್ಲ. 1914ರಲ್ಲಿ ಅಮೆರಿಕದ ನೌಕಾಪಡೆ ಮೆಕ್ಸಿಕೋದ ವೆರಾಕ್ರೂಜ್ ಬಂದರನ್ನು ಹಿಡಿದು ತಿಂಗಳುಗಟ್ಟಲೆ ಕೂತಿತ್ತು. 1916ರಲ್ಲಿ ಕ್ರಾಂತಿಯ ಇನ್ನೊಬ್ಬ ನಾಯಕ ಪಾಂಚೋ ವಿಯಾನನ್ನು ಹುಡುಕುತ್ತೇವೆ ಅಂತ ಅಮೆರಿಕದ ಸೈನ್ಯ ಗಡಿ ದಾಟಿ ಒಳಗೆ ನುಗ್ಗಿತ್ತು. 1917ರ ಸಂವಿಧಾನದಲ್ಲಿ ಮೆಕ್ಸಿಕೋ, ನೆಲದ ಅಡಿಯಲ್ಲಿರುವ ಎಣ್ಣೆ ನಮ್ಮ ದೇಶದ ಸ್ವತ್ತು ಅಂತ ಬರೆದುಕೊಂಡಿತು. ಅಲ್ಲಿ ಬಾವಿ ತೋಡಿದ್ದ ಅಮೆರಿಕದ ಕಂಪನಿಗಳಿಗೆ ಅದು ಸಹಿಸಲಿಲ್ಲ. ಈ ಮುನಿಸು ಕಡಿಮೆ ಮಾಡಬೇಕು ಅಂತ ಮೆಕ್ಸಿಕೋದಲ್ಲಿದ್ದ ಅಮೆರಿಕದ ರಾಯಭಾರಿ ಡ್ವೈಟ್ ಮಾರೋ ಒಂದು ದಾರಿ ಹುಡುಕಿದರು. ಅವರ ಮಾತಿನ ಮೇಲೆ ಲಿಂಡ್‌ಬರ್ಗ್ 1927ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನಿಂದ ಮೆಕ್ಸಿಕೋ ನಗರಕ್ಕೆ 27 ಗಂಟೆ ಹಾರಿ ಬಂದ. ಬಾಲ್ಬುಯೆನಾ ಬಯಲಿನಲ್ಲಿ ಜನ ಕಿಕ್ಕಿರಿದು ಕಾದು ನಿಂತಿದ್ದರು.

ಮನೆಗೆ ಬಂದವರಿಗೆ ನಾವು ಎಲೆ ಅಡಿಕೆ ಕೊಟ್ಟು ಕಳಿಸುತ್ತೇವೆ, ಆಮೇಲೆ ನಾವೂ ಅವರ ಮನೆಗೆ ಒಂದು ಸಲ ಹೋಗಿ ಬರುತ್ತೇವೆ. ಹೋಗದೆ ಇದ್ದರೆ ಸರಿ ಹೋಗಲ್ಲ. ಮೆಕ್ಸಿಕೋ ಜನರಿಗೂ ಹಾಗೇ ಅನ್ನಿಸಿತು. ನಮ್ಮ ಹುಡುಗನೂ ವಾಷಿಂಗ್ಟನ್ನಿಗೆ ಹಾರಿ ಹೋಗಬೇಕು. 'ಎಕ್ಸೆಲ್ಸಿಯೋರ್' ಪತ್ರಿಕೆ ಮುಂದೆ ನಿಂತು ಚಂದಾ ಎತ್ತಿತು. ಆ ದುಡ್ಡಿನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ರಾಯನ್ ಕಂಪನಿಯಿಂದ ವಿಮಾನ ಮಾಡಿಸಿದರು. ಲಿಂಡ್‌ಬರ್ಗ್‌ನ ವಿಮಾನ ತಯಾರಾದದ್ದೂ ಅದೇ ಕಂಪನಿಯಲ್ಲಿ. ಇದಕ್ಕೆ 'ಮೆಹಿಕೋ-ಎಕ್ಸೆಲ್ಸಿಯೋರ್' ಅಂತ ಹೆಸರಿಟ್ಟರು. ಒಂದೇ ಎಂಜಿನ್. ರೇಡಿಯೋ ಇಲ್ಲ. ದಾರಿ ಕಂಡುಹಿಡಿಯಲು ದಿಕ್ಸೂಚಿ, ಗಡಿಯಾರ, ಭೂಪಟ ಮತ್ತು ಕೆಳಗೆ ಕಾಣುವ ನದಿ, ರೈಲು ಹಳಿ, ಊರಿನ ದೀಪ. ಅಷ್ಟೇ.

1928ರ ಮೇ 24ರಂದು ಆ ಹೊಸ ವಿಮಾನವನ್ನು ಸ್ಯಾನ್ ಡಿಯಾಗೋದಿಂದ ಎತ್ತಿದವನು ಮಾರನೇ ದಿನ ಮೆಕ್ಸಿಕೋ ನಗರದಲ್ಲಿ ಇಳಿಸಿದ. ಸುಮಾರು 1,575 ಮೈಲಿ, ಹದಿನೆಂಟೂವರೆ ಗಂಟೆ, ಒಬ್ಬನೇ. ಹದಿನೆಂಟೂವರೆ ಗಂಟೆ ಒಂದೇ ಕುರ್ಚಿಯಲ್ಲಿ, ಎಂಜಿನ್ ಸದ್ದು ಕಿವಿಗೆ ಬಡಿಯುತ್ತಿರುವಾಗ, ಕಣ್ಣು ಮುಚ್ಚದೆ! ನಾವು ನ್ಯೂಯಾರ್ಕಿನಿಂದ ಬೆಂಗಳೂರಿಗೆ ಹೋಗುವಾಗ ಮೂರು ಸಿನಿಮಾ ನೋಡಿ, ಎರಡು ಸಲ ಊಟ ಮಾಡಿ, ಆದರೂ ಸೊಂಟ ಹಿಡಿದುಕೊಂಡಿತು ಅಂತ ಗೊಣಗುತ್ತೇವೆ.

ಜೂನ್ 11ರಂದು ವಾಷಿಂಗ್ಟನ್ನಿಗೆ ಹೊರಟ. ಟ್ಯಾಂಕ್ ತುಂಬ ಪೆಟ್ರೋಲ್ ಹೊತ್ತ ವಿಮಾನವನ್ನು ಆ ತೆಳು ಗಾಳಿಯಲ್ಲಿ ನೆಲ ಬಿಡಿಸುವುದೇ ಒಂದು ಸಾಹಸ. ಬಿಡಿಸಿದ. ಗುಡ್ಡ, ಮರುಭೂಮಿ, ಕೊಲ್ಲಿ ತೀರ ಎಲ್ಲ ದಾಟಿ ಬಂದ. ರಾತ್ರಿ ಕಳೆಯುವ ಹೊತ್ತಿಗೆ ನಾರ್ತ್ ಕ್ಯಾರೊಲಿನಾದ ಮೇಲೆ ದಟ್ಟ ಮಂಜು. ಕೆಳಗೆ ಏನೂ ಕಾಣುತ್ತಿಲ್ಲ. ಎಲ್ಲೂ ಇಳಿಯದೆ ವಾಷಿಂಗ್ಟನ್ ಮುಟ್ಟಬೇಕು ಅನ್ನುವುದು ಅವನ ಆಸೆ, ದೇಶದ ಆಸೆ. ಆದರೂ ಅವನು ಹಟ ಮಾಡಲಿಲ್ಲ. ಮೂರ್ಸ್‌ವಿಲ್ ಅನ್ನುವ ಸಣ್ಣ ಊರಿನ ಹತ್ತಿರ ಜಾಗ ನೋಡಿ ಇಳಿಸಿಬಿಟ್ಟ. ಮಂಜು ಸರಿದ ಮೇಲೆ ಮತ್ತೆ ಹೊರಟು ಜೂನ್ 12ರಂದು ವಾಷಿಂಗ್ಟನ್ನಿನ ಬೋಲಿಂಗ್ ಫೀಲ್ಡ್ ಸೇರಿದ.

ಈ ಮೂರ್ಸ್‌ವಿಲ್ ವಿಷಯ ನೆನಪಿಟ್ಟುಕೊಳ್ಳಿ. ಅವನ ಸಾವಿನ ಬಗ್ಗೆ ಮಾತಾಡುವವರು ಜಾಸ್ತಿ ಮರೆಯುವುದು ಇದನ್ನೇ.

ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷ ಕ್ಯಾಲ್ವಿನ್ ಕೂಲಿಡ್ಜ್ ಶ್ವೇತಭವನಕ್ಕೆ ಊಟಕ್ಕೆ ಕರೆದರು. ನ್ಯೂಯಾರ್ಕಿನಲ್ಲಿ ಮೇಯರ್ ಜಿಮ್ಮಿ ವಾಕರ್ ನಗರದ ಕೀಲಿಕೈ ಕೊಟ್ಟರು. ವೆಸ್ಟ್ ಪಾಯಿಂಟ್ ಸೇನಾ ಶಾಲೆಯಲ್ಲಿ ಹುಡುಗರು ಸಾಲಾಗಿ ನಿಂತು ಅವನಿಗೆ ಸೆಲ್ಯೂಟ್ ಹೊಡೆದರು. ಅವನಿಗಿಂತ ಒಂದೆರಡು ವರ್ಷ ಚಿಕ್ಕವರು, ಅಷ್ಟೇ. ಪತ್ರಿಕೆಗಳು ಅವನನ್ನು 'ಮೆಕ್ಸಿಕೋದ ಲಿಂಡ್‌ಬರ್ಗ್' ಅಂತ ಕರೆದವು. ನನಗೆ ಆ ಹೆಸರು ಹಿಡಿಸಲ್ಲ. ಹೊಗಳಿಕೆ ಅಂತಲೇ ಬರೆದಿರಬಹುದು. ಆದರೆ ಒಬ್ಬನಿಗೆ ಅವನದೇ ಹೆಸರಿರುವಾಗ ಇನ್ನೊಬ್ಬನ ಹೆಸರಿನಿಂದ ಯಾಕೆ ಗುರುತಿಸಬೇಕು? ನಮ್ಮ ಮಕ್ಕಳ ಹೆಸರನ್ನು ಶಾಲೆಯಲ್ಲಿ ಮೊಟಕು ಮಾಡಿ ಕರೆದಾಗ ನಮಗೆ ಹೇಗಾಗುತ್ತೆ? ಅವನ ಹೆಸರು ಎಮಿಲಿಯೋ ಕರಾನ್ಸಾ. ಬಾಯಿಗೆ ಸುಲಭವಾಗಿಯೇ ಬರುತ್ತೆ.

ವಾಪಸು ಹೋಗುವ ಹೊತ್ತು ಬಂತು. ನ್ಯೂಯಾರ್ಕಿನಿಂದ ಮೆಕ್ಸಿಕೋ ನಗರಕ್ಕೆ ಎಲ್ಲೂ ಇಳಿಯದೆ ಹೋಗಬೇಕು ಅಂತ ಯೋಜನೆ. ಮನೆಯಲ್ಲಿ ಹೆಂಡತಿ ಮಾರಿಯಾ ಲೂಯಿಸಾ ಇದ್ದಳು. ಅದೇ ವರ್ಷ ಮದುವೆಯಾಗಿದ್ದು. ಅವಳು ಬಸುರಿ. ಆದರೆ ಜುಲೈ ತಿಂಗಳ ಪೂರ್ವ ಕರಾವಳಿ ಹೇಗಿರುತ್ತೆ ಅಂತ ನಿಮಗೆ ಗೊತ್ತಲ್ಲ. ಮಧ್ಯಾಹ್ನ ಕುದಿಯುವ ಸೆಕೆ, ಸಂಜೆಗೆ ಗುಡುಗು. ಹವಾಮಾನ ಸರಿಯಿಲ್ಲ ಅಂತ ಅವನು ಒಂದಲ್ಲ, ಹಲವು ಸಲ ಹೊರಡುವುದನ್ನು ಮುಂದಕ್ಕೆ ಹಾಕಿದ.

ಜುಲೈ 12ರ ಸಂಜೆ ಮಾತ್ರ ಹೊರಟ. ಅವನು ಊಟಕ್ಕೆ ಕೂತಿದ್ದಾಗ ಮೆಕ್ಸಿಕೋದ ಯುದ್ಧ ಮಂತ್ರಿಯಿಂದ ತಂತಿ ಬಂತು, "ಕೂಡಲೇ ಹೊರಡು, ನೆಪ ಹೇಳಬೇಡ, ಇಲ್ಲದಿದ್ದರೆ ನಿನ್ನ ಗಂಡಸ್ತನದ ಮೇಲೆ ಅನುಮಾನ ಬರುತ್ತೆ" ಅನ್ನುವ ಅರ್ಥದ ಮಾತು ಅದರಲ್ಲಿತ್ತು, ಆ ತಂತಿ ಅವನ ಜೇಬಿನಲ್ಲಿ ಸಿಕ್ಕಿತು ಅಂತ ಒಂದು ಕಥೆ ಇದೆ. ಕೆಲವರು ಅದನ್ನು ನಂಬುತ್ತಾರೆ, ಕೆಲವರು ಒಪ್ಪುವುದಿಲ್ಲ. ಈಗ ಇಂಟರ್ನೆಟ್ಟಿನಲ್ಲಿ ಅವನ ಹೆಸರು ಹುಡುಕಿದರೆ ಈ ತಂತಿಯೇ ಮೊದಲು ಬರುತ್ತೆ. ನನಗೆ ಬೇಜಾರಾಗುವುದು ಅಲ್ಲೇ. ಐದು ವರ್ಷ ಹಾರಿದವನ ಬದುಕು ಒಂದು ಕಾಗದದ ಚೂರಿಗೆ ಇಳಿದುಬಿಡುತ್ತೆ. ಮಂಜಿನಲ್ಲಿ ಮೂರ್ಸ್‌ವಿಲ್‌ನಲ್ಲಿ ಇಳಿಸಿದವನು, ಗುಡುಗು ನೋಡಿ ಹಲವು ದಿನ ಕಾದವನು ಅವನೇ ಅಲ್ವಾ? ಅವನಿಗೆ ಕಾಯುವುದು ಗೊತ್ತಿತ್ತು. ಹವಾಮಾನ ಅರ್ಥವಾಗುತ್ತಿತ್ತು. ಆ ರಾತ್ರಿ ಯಾಕೆ ಕಾಯಲಿಲ್ಲ ಅನ್ನುವ ಸಂಕಟ ಹುಟ್ಟುವುದೇ ಅದರಿಂದ.

ಅವನು ಕೊನೆಯ ಸಲ ನೆಲ ಬಿಟ್ಟದ್ದು ಲಾಂಗ್ ಐಲೆಂಡಿನ ರೂಸ್‌ವೆಲ್ಟ್ ಫೀಲ್ಡಿನಿಂದ. ಲಿಂಡ್‌ಬರ್ಗ್ ಪ್ಯಾರಿಸ್ಸಿಗೆ ಹಾರಿದ್ದೂ ಅಲ್ಲಿಂದಲೇ. ಈಗ ಅಲ್ಲಿ ದೊಡ್ಡ ಮಾಲ್ ಇದೆ, ಅದೇ ಹೆಸರಿನದು. ನಮ್ಮಲ್ಲಿ ಎಷ್ಟೋ ಜನ ಹೋಗಿರುತ್ತೀರಿ. ಇನ್ನೊಂದು ವಿಷಯ ಓದಿದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟು ಕೂತುಬಿಟ್ಟೆ. ಆ ನೆಂಟ ಆಲ್ಬರ್ಟೋ ಸಲೀನಾಸ್ 1912ರಲ್ಲಿ ವಿಮಾನ ಹಾರಿಸಲು ಕಲಿತದ್ದು ಎಲ್ಲಿ ಅಂತೀರಿ? ಲಾಂಗ್ ಐಲೆಂಡಿನ ಅದೇ ಬಯಲು ಸೀಮೆಯಲ್ಲಿ, ಮೊಯ್ಸಾಂಟ್ ಅನ್ನುವ ಶಾಲೆಯಲ್ಲಿ. ಮೆಕ್ಸಿಕೋ ಸರ್ಕಾರ ಆಗ ಐದು ಹುಡುಗರನ್ನು ಕಳಿಸಿತ್ತು, ಅವರಲ್ಲಿ ಇವರೊಬ್ಬರು. ಮನೆಯ ಹಿರಿಯ ಮೊದಲ ಸಲ ಆಕಾಶಕ್ಕೆ ಏರಿದ ಬಯಲಿನಿಂದಲೇ, ಹದಿನಾರು ವರ್ಷದ ಮೇಲೆ, ಮನೆಯ ಹುಡುಗ ಕೊನೆಯ ಸಲ ಏರಿದ.

ಸಂಜೆ ಏಳು ದಾಟಿತ್ತು. ನೈಋತ್ಯಕ್ಕೆ ಹೊರಟ ವಿಮಾನ ಸುಮಾರು 80 ಮೈಲಿ ಬಂದು ನಮ್ಮ ರಾಜ್ಯದ ಪೈನ್ ಬ್ಯಾರೆನ್ಸ್ ಕಾಡಿನ ಮೇಲೆ ಬಿರುಗಾಳಿಗೆ ಸಿಕ್ಕಿತು. ಕೆಳಗೆ ಕತ್ತಲೆ. ಆ ಕಾಡಿನಲ್ಲಿ ಈಗಲೂ ರಾತ್ರಿ ಹೊತ್ತು ಮೈಲಿಗಟ್ಟಲೆ ಒಂದು ದೀಪ ಕಾಣಲ್ಲ, ಇನ್ನು ಆಗ ಹೇಗಿರಬೇಕು! ಮೋಡದೊಳಗೆ ಗಾಳಿ ವಿಮಾನವನ್ನು ಒಮ್ಮೆ ಮೇಲಕ್ಕೆ ಎಸೆಯುತ್ತೆ, ಮರುಕ್ಷಣ ಕೆಳಕ್ಕೆ ತಳ್ಳುತ್ತೆ. ಪೆಟ್ರೋಲ್ ತುಂಬಿದ ಭಾರ ಬೇರೆ. ಕೇಳೋಣ ಅಂದರೆ ರೇಡಿಯೋ ಇಲ್ಲ. ಅವನ ಕೈಯಲ್ಲಿ ಟಾರ್ಚ್ ಇತ್ತು, ಇಳಿಯಲು ಜಾಗ ಹುಡುಕುತ್ತಿದ್ದ ಅಂತ ಆಮೇಲೆ ಜನ ಹೇಳಿಕೊಂಡರು.

ಮಾರನೇ ದಿನ ಕಾಡಿಗೆ ಬೆರಿ ಹಣ್ಣು ಕೀಳಲು ಬಂದ ಒಂದು ಕುಟುಂಬಕ್ಕೆ ಮುರಿದ ವಿಮಾನದ ಚೂರು ಕಂಡಿತು. ಆಮೇಲೆ ಅವನು ಕಂಡ.

ಬೆರಿ ಕೀಳಲು ಬಂದವರು. ಜುಲೈ ತಿಂಗಳು. ಅವರ ಕೈಯಲ್ಲೂ ಬಕೆಟ್ ಇದ್ದಿರಬೇಕು. ಅವರ ಜೊತೆಗೂ ಮಕ್ಕಳು ಇದ್ದಿರಬೇಕು. ಇದನ್ನು ಓದಿದ ಮೇಲೆ ನನಗೆ ಆ ಟಪ್ ಟಪ್ ಸದ್ದು ಕೇಳಿದಾಗಲೆಲ್ಲ ಅವರ ನೆನಪು ಬರುತ್ತೆ.

ಸುತ್ತಲಿನ ಹಳ್ಳಿಯ ಜನ ಅವನನ್ನು ಕಾಡಿನಿಂದ ಹೊರಗೆ ಹೊತ್ತು ತಂದರು. ಅಮೆರಿಕನ್ ಲೀಜನ್ ಅನ್ನುವ ಮಾಜಿ ಸೈನಿಕರ ಸಂಘದ ಮೌಂಟ್ ಹಾಲಿ ಊರಿನ ಶಾಖೆ, 11ನೇ ಪೋಸ್ಟಿನವರು, ಬಂದು ಕೈಜೋಡಿಸಿದರು. ಅವರು ಮೊದಲ ಮಹಾಯುದ್ಧದಿಂದ ಬದುಕಿ ಬಂದ ಸೈನಿಕರು. ಬೇರೆ ದೇಶದ ಹುಡುಗ, ಒಬ್ಬರಿಗೂ ಮುಖಪರಿಚಯ ಇಲ್ಲ. ಆದರೂ ತಮ್ಮಲ್ಲಿದ್ದ ಬಾವುಟವನ್ನು ಅವನ ಪೆಟ್ಟಿಗೆಗೆ ಹೊದಿಸಿದರು.

ಶವವನ್ನು ಊರಿಗೆ ಕಳಿಸಲು ಅಧ್ಯಕ್ಷ ಕೂಲಿಡ್ಜ್ 'ಫ್ಲೋರಿಡಾ' ಅನ್ನುವ ಯುದ್ಧ ಹಡಗನ್ನು ಕೊಡುತ್ತೇವೆ ಅಂದರು. ಮೆಕ್ಸಿಕೋ ಬೇಡ ಅಂತು. 1914ರಲ್ಲಿ ವೆರಾಕ್ರೂಜ್ ಬಂದರನ್ನು ಹಿಡಿದ ಹಡಗುಗಳಲ್ಲಿ ಈ ಫ್ಲೋರಿಡಾ ಕೂಡ ಒಂದು. ಸತ್ತ ಮಗನನ್ನು ಆ ಹಡಗಿನಲ್ಲಿ ಬರಮಾಡಿಕೊಳ್ಳಲು ಯಾವ ಮನಸ್ಸು ಒಪ್ಪುತ್ತೆ ಹೇಳಿ? ಕೊನೆಗೆ ರೈಲಿನಲ್ಲಿ ಕಳಿಸಿದರು. ನ್ಯೂಯಾರ್ಕಿನ ಬೀದಿಯಲ್ಲಿ ಸಾವಿರಾರು ಸೈನಿಕರು ಪೆಟ್ಟಿಗೆಯ ಜೊತೆ ನಡೆದರು. ಅದೇ ವಾರ, ಜುಲೈ 17ರಂದು, ಮೆಕ್ಸಿಕೋದಲ್ಲಿ ಮುಂದಿನ ಅಧ್ಯಕ್ಷನಾಗಿ ಆರಿಸಿ ಬಂದಿದ್ದ ಆಲ್ವರೋ ಒಬ್ರೆಗಾನ್‌ನನ್ನು ಗುಂಡಿಟ್ಟು ಕೊಂದರು. ದೇಶ ಆ ಗಾಬರಿಯಲ್ಲಿ ಇರುವಾಗಲೇ ಎಮಿಲಿಯೋ ಮನೆಗೆ ಬಂದ. ಜುಲೈ 24ರಂದು ದೋಲೋರೆಸ್ ಸ್ಮಶಾನದಲ್ಲಿ, ದೇಶದ ಗಣ್ಯರಿಗೆ ಅಂತ ಮೀಸಲಾದ ಜಾಗದಲ್ಲಿ ಅವನನ್ನು ಮಣ್ಣು ಮಾಡಿದರು. ಮಗ ಹುಟ್ಟಿದ್ದು ಅಪ್ಪ ಹೋದ ಮೇಲೆ. ಅವನಿಗೂ ಎಮಿಲಿಯೋ ಅಂತಲೇ ಹೆಸರಿಟ್ಟರು. ಮರುವರ್ಷ ಮೆಕ್ಸಿಕೋದ ವಿಮಾನ ಅಂಚೆ ಚೀಟಿಯ ಮೇಲೆ ಅವನ ಮುಖ, ಅವನ ವಿಮಾನ ಅಚ್ಚಾದವು.

ಅವನು ಮುಗಿಸದೆ ಹೋದ ದಾರಿಯನ್ನು ಅವನ ದೇಶದವರೇ ಮುಗಿಸಿದರು. 1930ರ ಜೂನ್‌ನಲ್ಲಿ ಕರ್ನಲ್ ರೊಬೆರ್ತೊ ಫಿಯೆರ್ರೊ, ಜೊತೆಗೊಬ್ಬ ಪೈಲಟ್ಟನ್ನು ಕೂರಿಸಿಕೊಂಡು, ಅದೇ ರೂಸ್‌ವೆಲ್ಟ್ ಫೀಲ್ಡಿನಿಂದ ಎದ್ದು ಎಲ್ಲೂ ಇಳಿಯದೆ ಮೆಕ್ಸಿಕೋ ನಗರ ಸೇರಿದರು. ಹದಿನಾರೂವರೆ ಗಂಟೆ ಹಿಡಿಯಿತು.

ಈಗ ಆ ಕಲ್ಲಿನ ವಿಷಯ. ಅದಕ್ಕೆ ದುಡ್ಡು ಕೊಟ್ಟವರು ಮೆಕ್ಸಿಕೋದ ಶಾಲಾ ಮಕ್ಕಳು. ಒಬ್ಬೊಬ್ಬರೂ ಒಂದೊಂದು ಕಾಸು ಹಾಕಿದರು. ಕಲ್ಲು ಕೂಡ ಮೆಕ್ಸಿಕೋದ್ದೇ. ಅಷ್ಟು ದೂರದಿಂದ ಬಂದು, ಸುತ್ತಲೂ ಬರೀ ಮರಳಿರುವ ಈ ಕಾಡಿನಲ್ಲಿ ನಿಂತಿದೆ. ಅಂದರೆ ಅವತ್ತು ನನ್ನ ಮಗಳು ಕೈಯಿಟ್ಟು ಸವರಿದ ಆ ಹದ್ದು, ಅವಳ ವಯಸ್ಸಿನ ಮಕ್ಕಳೇ ಮಾಡಿಸಿದ್ದು. ಬುಡದಲ್ಲಿ ಕಂಡ ಚಿಲ್ಲರೆ ಯಾಕೆ ಅಂತ ಆಮೇಲೆ ನನಗೆ ಹೊಳೆಯಿತು.

ಮೌಂಟ್ ಹಾಲಿಯ ಆ ಲೀಜನ್ ಪೋಸ್ಟಿನವರು ಪ್ರತಿವರ್ಷ ಜುಲೈನಲ್ಲಿ ಅಲ್ಲಿ ಸೇರುತ್ತಾರೆ. ಜುಲೈ 12ಕ್ಕೆ ಹತ್ತಿರದ ಶನಿವಾರ, ಮಧ್ಯಾಹ್ನ 1 ಗಂಟೆಗೆ. ಅವತ್ತು ಅವನ ಪೆಟ್ಟಿಗೆಗೆ ಬಾವುಟ ಹೊದಿಸಿದವರು ಯಾರೂ ಈಗಿಲ್ಲ. ಅವರ ನಂತರ ಬಂದವರು ಬಿಡದೆ ನಡೆಸಿಕೊಂಡು ಬರುತ್ತಿದ್ದಾರೆ. ಮೆಕ್ಸಿಕೋ ದೂತಾವಾಸದವರು ಬರುತ್ತಾರೆ. ಎರಡೂ ದೇಶದ ರಾಷ್ಟ್ರಗೀತೆ ಆಗುತ್ತೆ, ಹೂವಿನ ಹಾರ ಇಡುತ್ತಾರೆ. ಕಳೆದ ವರ್ಷ ನಾವೂ ಹೋಗಿದ್ದೆವು. ಹಿಂದಿನ ಸಾಲಿನಲ್ಲಿ ನಿಂತಿದ್ದೆವು. ಪಕ್ಕದಲ್ಲಿ ಬಿಳಿ ಅಂಗಿ ತೊಟ್ಟ ಒಬ್ಬ ಮೆಕ್ಸಿಕೋದ ಹಿರಿಯರು ತಮ್ಮ ಮೊಮ್ಮಗನ ಜೊತೆ ಬಂದಿದ್ದರು. ಗೀತೆ ಶುರುವಾದಾಗ ಹ್ಯಾಟ್ ತೆಗೆದು ಬಲಗೈಯನ್ನು ಎದೆಗೆ ಅಡ್ಡವಾಗಿ, ಅಂಗೈ ಕೆಳಗೆ ಮಾಡಿ ಹಿಡಿದರು. ಅದು ಅವರ ಪದ್ಧತಿ. ಮೊಮ್ಮಗನ ಕೈ ಸ್ವಲ್ಪ ಕೆಳಗೆ ಜಾರಿತು. ಅವರು ಅವನ ಮೊಣಕೈಯನ್ನು ಮೆಲ್ಲಗೆ ಎತ್ತಿ ಸರಿ ಮಾಡಿದರು. ಆಮೇಲೆ ನನ್ನನ್ನು ಯಾವ ಊರು ಅಂತ ಕೇಳಿದರು. ಇಂಡಿಯಾ ಅಂದೆ. "ಇಷ್ಟು ದೂರದಿಂದ ಇವನಿಗೋಸ್ಕರ ಬಂದಿರಾ?" ಅಂದರು. ಎರಡು ಗಂಟೆ ದಾರಿಯೂ ಇಲ್ಲ ಅಂತ ಹೇಳಲು ನನಗೆ ನಾಚಿಕೆಯಾಯಿತು.

ಬಂಧುಗಳೇ, ನನ್ನ ಕೋರಿಕೆ ಇಷ್ಟೇ. ಈ ಸಲ ಬೆರಿ ಕೀಳುವ ಶನಿವಾರವನ್ನು ಆ ಶನಿವಾರಕ್ಕೆ ಇಟ್ಟುಕೊಳ್ಳಿ. ಬೆಳಿಗ್ಗೆ ಹಣ್ಣು ಕಿತ್ತು, ಬಿಸಿಲೇರುವ ಹೊತ್ತಿಗೆ ಹೊರಟರೆ 1 ಗಂಟೆಗೆ ಅಲ್ಲಿರಬಹುದು. ನಮ್ಮ ಊರುಗಳಲ್ಲಿ ನಮ್ಮ ಅಂಗಡಿಗಳಲ್ಲಿ ತರಕಾರಿ ಜೋಡಿಸುವವರು, ನಮ್ಮ ಹೋಟೆಲುಗಳ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವವರು, ಆ ತೋಟಗಳಲ್ಲಿ ಕೂಲಿಗೆ ಹಣ್ಣು ಕೀಳುವವರು, ಬಹಳಷ್ಟು ಮಂದಿ ಮೆಕ್ಸಿಕೋದವರು. ಅವರ ಜೊತೆ ನಾವು ವರ್ಷಗಟ್ಟಲೆ ಇದ್ದೇವೆ. "ಎಷ್ಟಾಯಿತು", "ಥ್ಯಾಂಕ್ಸ್" ಬಿಟ್ಟರೆ ಬೇರೆ ಮಾತು ಆಡಿದ್ದು ಕಡಿಮೆ. ಕನ್ನಡ ಸಂಘಗಳ ಹಿರಿಯರಲ್ಲೂ ಕೇಳಿಕೊಳ್ಳುತ್ತೇನೆ. ಪಿಕ್ನಿಕ್ಕಿನ ದಿನ ಗೊತ್ತು ಮಾಡುವಾಗ ದಯವಿಟ್ಟು ಆ ಶನಿವಾರವನ್ನು ಬಿಟ್ಟುಬಿಡಿ. ಕನ್ನಡ ಶಾಲೆಯ ಮಕ್ಕಳ ಕೈಯಲ್ಲಿ ಒಂದೊಂದು ಹೂವು ಕೊಟ್ಟು ಕರೆದುಕೊಂಡು ಬನ್ನಿ. ಭಾಷಣ ಯಾರೂ ಮಾಡಬೇಕಾಗಿಲ್ಲ, ಬ್ಯಾನರ್ ಬೇಡ. ಸುಮ್ನೆ ಹಿಂದೆ ನಿಂತಿದ್ದು ಬರೋಣ.

ದಾರಿ ಹೇಳುತ್ತೇನೆ. ಎಡಿಸನ್ ಕಡೆಯಿಂದ ಬರುವವರು 206ರಲ್ಲಿ ದಕ್ಷಿಣಕ್ಕೆ ಬಂದು, ರೆಡ್ ಲಯನ್ ವೃತ್ತ ದಾಟಿ, ಟ್ಯಾಬರ್ನೇಕಲ್ ಊರು ಸೇರಿ. ಅಲ್ಲಿಂದ ಕಾಡಿನೊಳಗೆ ಹೋಗುವ ರಸ್ತೆಯ ಹೆಸರೇ ಕರಾನ್ಸಾ ರೋಡ್. ಸಿಗ್ನಲ್ ಹೋಗುತ್ತೆ, ಗಾಬರಿಯಾಗಬೇಡಿ, ನೆಟ್ಟಗೆ ಬನ್ನಿ. ಮಕ್ಕಳಿಗೆ ಉದ್ದ ಪ್ಯಾಂಟು, ಕಾಲುಚೀಲ ಹಾಕಿಸಿ, ಅಲ್ಲಿ ಉಣ್ಣೆ ಹುಳದ ಕಾಟ ಜಾಸ್ತಿ. ಕುಡಿಯುವ ನೀರು ಮನೆಯಿಂದಲೇ ತನ್ನಿ, ಹತ್ತಿರದಲ್ಲಿ ಅಂಗಡಿ ಇಲ್ಲ. ಜೇಬಿನಲ್ಲಿ ಸ್ವಲ್ಪ ಚಿಲ್ಲರೆ ಇರಲಿ.

ನಮ್ಮ ಕಾರಿನಲ್ಲಿ ಎರಡು ಸೀಟು ಖಾಲಿ ಇರುತ್ತೆ. ಮಗಳು ಈಗಿನಿಂದಲೇ ಹಿತ್ತಲಿನ ಕುಂಡದಲ್ಲಿ ಚೆಂಡು ಹೂವಿನ ಗಿಡಕ್ಕೆ ನೀರು ಹಾಕುತ್ತಿದ್ದಾಳೆ. ಅದು ಮೆಕ್ಸಿಕೋದವರು ತೀರಿಕೊಂಡವರಿಗೆ ಇಡುವ ಹೂವು, ನಮ್ಮ ಮನೆ ಬಾಗಿಲಿನ ತೋರಣಕ್ಕೂ ಅದೇ ಹೂವು ಅಂತ ಅವಳಿಗೆ ಈಗ ಗೊತ್ತಾಗಿದೆ. ಜುಲೈ ಎರಡನೇ ವಾರದ ಹೊತ್ತಿಗೆ ಅರಳಬೇಕು ಅಂತ ದಿನ ಎಣಿಸುತ್ತಿದ್ದಾಳೆ.

ಇಂತಿ ನಿಮ್ಮವನೇ ಆದ,
ಸೆಂಟ್ರಲ್ ಜೆರ್ಸಿಯ ಒಬ್ಬ ಕನ್ನಡಿಗ